ಹಗ್ಗ ಕಟ್ಟಿದ ಕಡಲತೀರ

ಮಕ್ಕಳೇ, ಏಪ್ರಿಲ್ 1 ಎಂದರೆ ನಿಮಗೆ ಗೆಳೆಯರನ್ನು ಏಪ್ರಿಲ್ ಫೂಲ್ ಮಾಡುವ ದಿನ. ಅಮೆರಿಕದ ಪ್ಲಮ್ ಐಲೆಂಡ್ ಎಂಬ ದ್ವೀಪದಲ್ಲಿ ಅದೇ ದಿನ ಸಮುದ್ರತೀರಕ್ಕೆ ಹಗ್ಗ ಕಟ್ಟುತ್ತಾರೆ. ಸುಮಾರು 10 ಕಿಲೋಮೀಟರ್ ಉದ್ದದ ಚೆಂದದ ಮರಳತೀರ. ಆದರೂ ಯಾರೂ ಕಾಲಿಡುವಂತಿಲ್ಲ. ಇದು ತಮಾಷೆಯಲ್ಲ. ಏಕೆ ಗೊತ್ತೆ? ಬನ್ನಿ, ಹೋಗಿ ನೋಡೋಣ.

ಭೂಪಟದಲ್ಲಿ ಅಟ್ಲಾಂಟಿಕ್ ಸಾಗರವನ್ನು ಹುಡುಕಿ. ಅದರ ಪಶ್ಚಿಮ ದಡದಲ್ಲಿ ಬಾಸ್ಟನ್ ನಗರವಿದೆ. ಅಲ್ಲಿಂದ ಉತ್ತರಕ್ಕೆ, ಮ್ಯಾಸಚೂಸೆಟ್ಸ್ ರಾಜ್ಯದ ಅಂಚಿನಲ್ಲಿ, ಕಡಲಿಗೆ ಅಡ್ಡಲಾಗಿ ಮಲಗಿದಂತೆ ಕಾಣುವ ಉದ್ದನೆಯ ಮರಳ ಪಟ್ಟಿಯೇ ಪ್ಲಮ್ ಐಲೆಂಡ್. ಇದರ ಉತ್ತರ ತುದಿಯಲ್ಲಿ ಮನೆಗಳಿವೆ. ಉಳಿದ ಬಹುಭಾಗ 1940ರ ದಶಕದಿಂದ ಪಾರ್ಕರ್ ರಿವರ್ ವನ್ಯಜೀವಿಧಾಮ. ರೇಚಲ್ ಕಾರ್ಸನ್ ಎಂಬ ವಿಜ್ಞಾನಿ 1947ರಲ್ಲಿ ಈ ಧಾಮದ ಬಗ್ಗೆ ಒಂದು ಪುಟ್ಟ ಪುಸ್ತಿಕೆ ಬರೆದಿದ್ದರು. ಕೀಟನಾಶಕಗಳ ಅಪಾಯವನ್ನು ಜಗತ್ತಿಗೆ ತಿಳಿಸಿ ಮುಂದೆ ಹೆಸರಾದವರು ಇವರೇ.

ನೇರಳೆ ಮರಳು

ಈ ತೀರದ ಮರಳಿನಲ್ಲಿ ಅಲ್ಲಲ್ಲಿ ನೇರಳೆ, ಗುಲಾಬಿ ಬಣ್ಣದ ಪಟ್ಟೆಗಳು ಕಾಣುತ್ತವೆ. ಯಾರೋ ರಂಗೋಲಿ ಪುಡಿ ಚೆಲ್ಲಿದರೋ ಎನ್ನಿಸಬೇಕು. ಅವು ಗಾರ್ನೆಟ್ ಎಂಬ ಖನಿಜದ ಕಣಗಳು. ಮಾಮೂಲಿ ಬಿಳಿ ಮರಳಿನ ಕಣಗಳಿಗಿಂತ ಗಾರ್ನೆಟ್ ಭಾರ. ಅಲೆ ಹಿಂದೆ ಸರಿಯುವಾಗ ಹಗುರವಾದ ಕಣಗಳನ್ನು ಎಳೆದುಕೊಂಡು ಹೋಗುತ್ತದೆ, ಭಾರದವು ಅಲ್ಲೇ ಉಳಿಯುತ್ತವೆ. ಅಮ್ಮ ಮೊರದಲ್ಲಿ ಅಕ್ಕಿ ಕೇರುವಾಗ ಹೊಟ್ಟು ಹಾರಿ ಕಾಳು ಉಳಿಯುವುದಿಲ್ಲವೆ? ಅಲ್ಲಿ ಗಾಳಿ, ಇಲ್ಲಿ ನೀರು.

ತೀರದ ಹಿಂದೆ ಮರಳುದಿಬ್ಬಗಳು. ಅವುಗಳ ಮೇಲೆ ಹತ್ತಿ ನಿಂತು ಪಶ್ಚಿಮಕ್ಕೆ ತಿರುಗಿದರೆ ನೋಟವೇ ಬದಲಾಗುತ್ತದೆ. ಭತ್ತದ ಗದ್ದೆಯಂತೆ ಕಣ್ಣಿಗೆ ಎಟಕುವಷ್ಟು ದೂರ ಹಸಿರು! ಆದರೆ ಇದನ್ನು ಯಾರೂ ನಾಟಿ ಮಾಡಿಲ್ಲ. ಇದು ಉಪ್ಪು ಜೌಗು. ದ್ವೀಪವು ಗೋಡೆಯಂತೆ ನಿಂತು ಅಟ್ಲಾಂಟಿಕ್‌ನ ದೊಡ್ಡ ಅಲೆಗಳನ್ನು ತಡೆಯುವುದರಿಂದ, ಅದರ ಬೆನ್ನಿಗೆ ಕೆಸರು ನಿಧಾನವಾಗಿ ತಂಗಿ ಈ ಜೌಗು ಬೆಳೆದಿದೆ.

ಉಪ್ಪು ಕುಡಿದು ಬದುಕುವ ಹುಲ್ಲು

ಒಂದು ಪ್ರಯೋಗ ಮಾಡಿ ನೋಡಿ. ಆಲೂಗಡ್ಡೆಯ ಎರಡು ತೆಳು ಬಿಲ್ಲೆ ಕತ್ತರಿಸಿ. ಒಂದನ್ನು ಸಾದಾ ನೀರಿನಲ್ಲಿ, ಇನ್ನೊಂದನ್ನು ಎರಡು ಚಮಚ ಉಪ್ಪು ಕದಡಿದ ಒಂದು ಲೋಟ ನೀರಿನಲ್ಲಿ ಹಾಕಿ. ಒಂದು ಗಂಟೆಯ ನಂತರ ಬಗ್ಗಿಸಿ ನೋಡಿ. ಸಾದಾ ನೀರಿನದು ಗಟ್ಟಿಯಾಗಿರುತ್ತದೆ. ಉಪ್ಪುನೀರಿನದು ಬಾಡಿ ಮೆತ್ತಗಾಗಿರುತ್ತದೆ. ಹೊರಗೆ ಉಪ್ಪು ಹೆಚ್ಚಿದ್ದರೆ ಜೀವಕೋಶದೊಳಗಿನ ನೀರು ಹೊರಕ್ಕೆ ಹೋಗುತ್ತದೆ. ಹಾಗಾಗಿಯೇ ಸಮುದ್ರದ ನೀರು ನುಗ್ಗಿದ ಗದ್ದೆಯಲ್ಲಿ ಪೈರು ನೀರಿನ ನಡುವೆಯೇ ಒಣಗುವುದು.

ಜೌಗಿನ ಸ್ಪಾರ್ಟಿನಾ ಹುಲ್ಲು ಇದಕ್ಕೊಂದು ಉಪಾಯ ಮಾಡಿಕೊಂಡಿದೆ. ತನ್ನ ಕೋಶಗಳಲ್ಲೂ ಒಂದಿಷ್ಟು ಉಪ್ಪು ಇಟ್ಟುಕೊಂಡು ನೀರನ್ನು ಒಳಕ್ಕೆ ಎಳೆಯುತ್ತದೆ. ಹೆಚ್ಚಾದ ಉಪ್ಪನ್ನು ಎಲೆಯ ಮೇಲಿರುವ ಸೂಕ್ಷ್ಮ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ. ಬಿಸಿಲಿದ್ದ ದಿನ ಎಲೆಯ ಮೇಲೆ ಉಪ್ಪಿನ ಹರಳು ಮಿನುಗುತ್ತವೆ. ಇನ್ನೊಂದು ಕಷ್ಟವೂ ಇದೆ. ಜೌಗಿನ ಕೆಸರಿನಲ್ಲಿ ಆಮ್ಲಜನಕವಿಲ್ಲ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಅದು ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡ್. ಆದ್ದರಿಂದ ಹುಲ್ಲಿನ ಎಲೆಯಿಂದ ಬೇರಿನವರೆಗೆ ಗಾಳಿ ಸಾಗಿಸುವ ಟೊಳ್ಳು ಕೊಳವೆಗಳಿವೆ. ತಾವರೆಯ ದಂಟನ್ನು ಮುರಿದು ನೋಡಿದವರಿಗೆ ಇದು ಅರ್ಥವಾಗುತ್ತದೆ.

ನಮ್ಮ ಅಘನಾಶಿನಿ ಅಳಿವೆಯ ಕೆಸರಿನಲ್ಲಿ ಕಾಂಡ್ಲಾ ಗಿಡಗಳು ಇದೇ ಕೆಲಸ ಮಾಡುತ್ತವೆ. ಆದರೆ ಕಾಂಡ್ಲಾ ಹಿಮವನ್ನು ತಡೆಯಲಾರದು. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟುವ ಊರುಗಳಲ್ಲಿ ಅದರ ಜಾಗ ಹುಲ್ಲಿಗೆ.

ಜೌಗಿನ ತಗ್ಗು ಭಾಗ ದಿನಕ್ಕೆ ಎರಡು ಬಾರಿ ಉಬ್ಬರದಲ್ಲಿ ಮುಳುಗುತ್ತದೆ. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡೂವರೆ ಮೀಟರ್ ವ್ಯತ್ಯಾಸ, ಎಂದರೆ ನಿಮ್ಮ ತರಗತಿಯ ಬಾಗಿಲಿಗಿಂತ ಎತ್ತರ! ತುಸು ಎತ್ತರದ ಭಾಗಕ್ಕೆ ನೀರು ಬರುವುದು ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮಾತ್ರ. ಆಗ ಸೂರ್ಯ ಮತ್ತು ಚಂದ್ರರ ಸೆಳೆತ ಒಂದುಗೂಡಿ ಉಬ್ಬರ ದೊಡ್ಡದಾಗುತ್ತದೆ. ಈ ಎತ್ತರದ ಭಾಗದಲ್ಲಿ ಬೆಳೆಯುವುದು ನವಿರಾದ, ತಲೆಗೂದಲಿನ ಸುಳಿಯಂತೆ ಮಲಗುವ ಇನ್ನೊಂದು ಜಾತಿಯ ಹುಲ್ಲು. ಇಂಗ್ಲೆಂಡಿನಿಂದ ಬಂದು ನೆಲೆಸಿದ ರೈತರು ಹದಿನೇಳನೆಯ ಶತಮಾನದಿಂದಲೇ ಇದನ್ನು ದನಗಳಿಗೆಂದು ಕೊಯ್ಯುತ್ತಿದ್ದರು. ನೆಲದಲ್ಲಿ ಮರದ ಗೂಟಗಳನ್ನು ಹುಗಿದು, ಅದರ ಮೇಲೆ ಬಣವೆ ಒಟ್ಟುತ್ತಿದ್ದರು. ಉಬ್ಬರದ ನೀರು ಬಣವೆಯ ಕೆಳಗೆ ಹರಿದು ಹೋಗಲಿ ಎಂದು.

ಒಂದು ಹಿಡಿ ಹಕ್ಕಿಗೆ ಹತ್ತು ಕಿಲೋಮೀಟರ್ ತೀರ

ಈಗ ಹಗ್ಗದ ವಿಷಯಕ್ಕೆ ಬರೋಣ. ಅದು ಪೈಪಿಂಗ್ ಪ್ಲೋವರ್ ಎಂಬ ಹಕ್ಕಿಗಾಗಿ. ನಮ್ಮ ಹೊಲಗಳಲ್ಲಿ ಕೂಗುವ ಟಿಟ್ಟಿಭದ ಬಳಗದ್ದು. ತೂಕ ಸುಮಾರು 50 ಗ್ರಾಂ. ಬಣ್ಣ ಥೇಟ್ ಒಣ ಮರಳು. ಟಿಟ್ಟಿಭದಂತೆ ಇದೂ ಬಯಲಲ್ಲೇ ಸಣ್ಣ ಗುಳಿ ಮಾಡಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ನಾಲ್ಕು ವಾರ ಕಾವು. ಮರಿಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಓಡಾಡಿ ತಮ್ಮ ಆಹಾರ ತಾವೇ ಹುಡುಕುತ್ತವೆ, ಆದರೆ ಹಾರಲು ಇನ್ನೂ ನಾಲ್ಕು ವಾರ ಬೇಕು. ಅಪಾಯ ಬಂದರೆ ಮರಿ ಓಡುವುದಿಲ್ಲ, ಅಲುಗಾಡದೆ ಕುಳಿತುಬಿಡುತ್ತದೆ. ನರಿಯ ಕಣ್ಣು ತಪ್ಪಿಸಲು ಇದು ಒಳ್ಳೆಯ ಉಪಾಯ. ಮನುಷ್ಯನ ಬೂಟಿನಿಂದ, ಜೀಪಿನ ಚಕ್ರದಿಂದ ತಪ್ಪಿಸಿಕೊಳ್ಳಲು ಅಲ್ಲ.

ಜೌಗಿನಿಂದ ಮುರಿದುಬಂದ ಒಣಹುಲ್ಲನ್ನು ಉಬ್ಬರ ತಂದು ಮರಳಿನ ಮೇಲೆ ಸಾಲಾಗಿ ಬಿಡುತ್ತದೆ. ನೋಡುವವರಿಗೆ ಅದು ಕಸ. ಅದರಡಿಯಲ್ಲಿ ಜಿಗಿಯುವ ಪುಟ್ಟ ಹುಳುಗಳೇ ಮರಿಗಳ ಊಟ. ಹೀಗಾಗಿ ಈ ತೀರವನ್ನು ಗುಡಿಸುವುದಿಲ್ಲ. ತೀರಕ್ಕೆ ನಾಯಿಯನ್ನು ತರುವಂತಿಲ್ಲ.

1986ರಲ್ಲಿ ಈ ಹಕ್ಕಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಆಗ ಇಡೀ ಮ್ಯಾಸಚೂಸೆಟ್ಸ್‌ನಲ್ಲಿ ಇದ್ದದ್ದು ಸುಮಾರು 140 ಜೋಡಿ. ಈಚಿನ ವರ್ಷಗಳಲ್ಲಿ 1000 ಜೋಡಿ ದಾಟಿದೆ. ಬೇಸಿಗೆಯಲ್ಲಿ ಬೀಚ್ ಮುಚ್ಚಿದ್ದಕ್ಕೆ ಗೊಣಗುವವರು ಅಲ್ಲಿಯೂ ಇದ್ದಾರೆ. ಮರಿಗಳು ಹಾರಿದಂತೆಲ್ಲ, ಜುಲೈ ಆಗಸ್ಟ್ ಹೊತ್ತಿಗೆ, ಹಗ್ಗ ಒಂದೊಂದೇ ಕಡೆ ಬಿಚ್ಚಿಕೊಳ್ಳುತ್ತದೆ.

ಹಗ್ಗಕ್ಕೆ ನಿಲ್ಲದ ನೀರು

ದಿಬ್ಬದ ಆ ಕಡೆ, ಜೌಗಿನಲ್ಲಿ, ಇನ್ನೊಂದು ಹಕ್ಕಿಯಿದೆ: ಸಾಲ್ಟ್‌ಮಾರ್ಷ್ ಸ್ಪ್ಯಾರೋ. ಗುಬ್ಬಿ ಗಾತ್ರದ ಈ ಹಕ್ಕಿ ಮರಿ ಮಾಡುವುದು ಅಮೆರಿಕದ ಅಟ್ಲಾಂಟಿಕ್ ತೀರದ ಉಪ್ಪು ಜೌಗುಗಳಲ್ಲಿ ಮಾತ್ರ. ಎತ್ತರದ ಭಾಗದ ಆ ನವಿರು ಹುಲ್ಲಿನಲ್ಲಿ, ನೆಲದಿಂದ ಕೆಲವೇ ಸೆಂಟಿಮೀಟರ್ ಮೇಲೆ ಗೂಡು ಕಟ್ಟುತ್ತದೆ. ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಹೊರಡಲು ಮೂರೂವರೆ ವಾರ ಬೇಕು. ತಿಂಗಳ ದೊಡ್ಡ ಉಬ್ಬರ ಮತ್ತೆ ಬರುವುದು ನಾಲ್ಕು ವಾರಕ್ಕೆ. ಲೆಕ್ಕ ಎಷ್ಟು ಬಿಗಿಯಾಗಿದೆ ನೋಡಿ! ಒಂದು ಉಬ್ಬರ ಇಳಿದೊಡನೆ ಕೆಲಸ ಶುರು ಮಾಡಿದರೆ ಮಾತ್ರ ಮುಂದಿನದರೊಳಗೆ ಮುಗಿಯುತ್ತದೆ.

ಆದರೆ ಬಾಸ್ಟನ್ ಬಂದರಿನಲ್ಲಿ 1921ರಿಂದ ಅಳೆಯುತ್ತಿರುವಂತೆ ಕಡಲಿನ ಮಟ್ಟ ನೂರು ವರ್ಷಗಳಲ್ಲಿ ಸುಮಾರು 30 ಸೆಂಟಿಮೀಟರ್ ಏರಿದೆ. ಅಂದರೆ ನಿಮ್ಮ ಉದ್ದದ ಸ್ಕೇಲಿನಷ್ಟು. ಸಣ್ಣ ಉಬ್ಬರದ ನೀರೂ ಈಗ ಗೂಡಿಗೆ ಬರುತ್ತದೆ. ಮೊಟ್ಟೆಗಳು ತೇಲುತ್ತವೆ, ನೀರು ಇಳಿದಾಗ ಗೂಡಿನಲ್ಲೇ ಉಳಿದರೆ ಮರಿಯಾಗಲೂಬಹುದು. ದೊಡ್ಡ ಮರಿಗಳು ಹುಲ್ಲು ಹಿಡಿದು ಮೇಲೆ ಹತ್ತುತ್ತವೆ. ಎಳೆಯವು ಮುಳುಗುತ್ತವೆ. 1998ರಿಂದ ಈಚೆಗೆ ಈ ಹಕ್ಕಿಗಳ ಸಂಖ್ಯೆ ನಾಲ್ಕನೇ ಒಂದು ಪಾಲಿಗೂ ಕಡಿಮೆಯಾಗಿದೆ.

ಜೌಗೂ ಸುಮ್ಮನಿರುವುದಿಲ್ಲ. ಹುಲ್ಲಿನ ಕಡ್ಡಿಗಳು ಉಬ್ಬರದ ಕೆಸರನ್ನು ಹಿಡಿಯುತ್ತವೆ, ಸತ್ತ ಬೇರುಗಳು ಆಮ್ಲಜನಕವಿಲ್ಲದ ನೆಲದಲ್ಲಿ ಕೊಳೆಯದೆ ಒಟ್ಟಾಗುತ್ತವೆ. ಸಾವಿರಾರು ವರ್ಷ ಹೀಗೆಯೇ ಅದು ಕಡಲಿನ ಜೊತೆ ಏರುತ್ತ ಬಂದಿದೆ. ಆದರೆ ಹಿಂದೆ ಹುಲ್ಲು ಒಣಗಿಸಲೆಂದು, 1930ರ ದಶಕದಲ್ಲಿ ಸೊಳ್ಳೆ ಕಡಿಮೆ ಮಾಡಲೆಂದು, ಜನ ಇಲ್ಲಿ ನೇರ ಕಾಲುವೆಗಳನ್ನು ತೋಡಿದರು. ನೀರು ಬಸಿದು ನೆಲದೊಳಕ್ಕೆ ಗಾಳಿ ಹೋಯಿತು, ಬೇರುಗಳು ಕೊಳೆತವು, ನೆಲ ಕುಸಿಯಿತು.

ಈಗ ಅದನ್ನು ಸರಿಪಡಿಸುವ ಕೆಲಸ ನಡೆದಿದೆ. ಸಿಮೆಂಟು ಏನೂ ಇಲ್ಲ. ದಂಡೆಯ ಹುಲ್ಲನ್ನೇ ಕೊಯ್ದು ಕಾಲುವೆಯೊಳಗೆ ಹಾಸಿ, ತೇಲಿಹೋಗದಂತೆ ದಾರ ಬಿಗಿಯುತ್ತಾರೆ. ಉಬ್ಬರ ಬಂದಾಗ ಹುಲ್ಲು ಕೆಸರನ್ನು ಹಿಡಿಯುತ್ತದೆ. ಮರುವರ್ಷ ಮತ್ತೊಂದು ಪದರ. ಕೆಲವು ವರ್ಷಗಳಲ್ಲಿ ಕಾಲುವೆ ತುಂಬಿ, ಅದರ ಮೇಲೆ ಸ್ಪಾರ್ಟಿನಾ ಚಿಗುರುತ್ತದೆ.