ಆಕ್ಷೇಪಣೆ ಯಾರ ಮೇಜಿಗೆ, ಯಾವ ದಿನದೊಳಗೆ?

ಕಟಪಾಡಿ ಕಡೆಯ ಮ್ಯಾಕ್ಸಿಕ್ಯಾಬ್ ಮಾಲೀಕರೊಬ್ಬರು ನನ್ನ ಕಚೇರಿಗೆ ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲಿತ್ತು. ವಾಹನದ ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರ್ ಕಡ್ಡಾಯ ಮಾಡಬಾರದೆಂದು ಅವರೂ ಅವರ ಸ್ಟ್ಯಾಂಡಿನವರೂ ಸಹಿ ಹಾಕಿದ ಮನವಿ. ಮೇಲೆ ಒಂದು ಸರ್ಕಾರಿ ಕಚೇರಿಯ ದುಂಡು ಸೀಲು. "ಮೇಡಂ, ಸೀಲ್ ಎಲ್ಲ ಉಂಟು. ಕೊಟ್ಟು ತಿಂಗಳುಗಟ್ಟಲೆ ಆಯ್ತು, ಒಂದು ಉತ್ತರ ಇಲ್ಲ. ಈಗ ಎಫ್‌ಸಿಗೆ (ವಾಹನದ ಅರ್ಹತಾ ಪ್ರಮಾಣಪತ್ರಕ್ಕೆ) ಹೋದ್ರೆ ಗವರ್ನರ್ ಹಾಕಿಸಿಕೊಂಡು ಬನ್ನಿ ಅಂತ ಹೇಳ್ತಾರೆ" ಅಂದರು. ಮನವಿಯ ತಾರೀಕು ನೋಡಿದೆ. ನಿಯಮ ರಾಜ್ಯಪತ್ರದಲ್ಲಿ ಅಂತಿಮವಾಗಿ ಪ್ರಕಟವಾಗಿ ಎಂಟು ತಿಂಗಳು ಕಳೆದ ಮೇಲೆ ಬರೆದ ಮನವಿ ಅದು. ಕೊಟ್ಟದ್ದೋ, ಆ ನಿಯಮದ ಒಂದಕ್ಷರವನ್ನೂ ಬದಲಿಸುವ ಅಧಿಕಾರವಿಲ್ಲದ ಕಚೇರಿಗೆ.

ಸೀಲು ಹೊಡೆದ ಗುಮಾಸ್ತರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. "ಇದು ಇಲ್ಲಿಗಲ್ಲ, ದೆಹಲಿಗೆ ಕಳಿಸಿ" ಎನ್ನಲು ಅರ್ಧ ನಿಮಿಷ ಸಾಕಿತ್ತು. ಆ ಅರ್ಧ ನಿಮಿಷವನ್ನು ಅವರು ಕೊಡಲಿಲ್ಲ. ಮಧ್ಯದಲ್ಲಿ ನಿಂತು "ಬೆಂಗಳೂರಿಗೆ ತಲುಪಿಸುವ ಖರ್ಚು" ಎಂದು ಪ್ರತಿಯೊಬ್ಬರಿಂದ ಹಣ ಎತ್ತಿದ ಏಜೆಂಟನಂತೂ ಆಮೇಲೆ ಫೋನನ್ನೇ ಎತ್ತಲಿಲ್ಲ.

ಸ್ಪೀಡ್ ಗವರ್ನರ್ ಬೇಡವೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಪಡುಬಿದ್ರಿಯಿಂದ ಸಂತೆಕಟ್ಟೆವರೆಗಿನ ಹೆದ್ದಾರಿ 66ರ ಅಪಘಾತದ ಫೈಲುಗಳು ನನ್ನ ಮೇಜಿನ ಮೇಲೂ ಇವೆ. ವೇಗಕ್ಕೆ ಕಡಿವಾಣ ಬೇಕೆಂದೇ ನನ್ನ ಅಭಿಪ್ರಾಯ. ಆದರೆ ಸಾಧನಕ್ಕೆ ಹಣ ಕೊಡಬೇಕಾದವರಿಗೆ, ಅದರಿಂದ ದುಡಿಮೆ ಏರುಪೇರಾಗುವವರಿಗೆ ತಮ್ಮ ಮಾತು ಹೇಳುವ ಹಕ್ಕಿದೆ. ಶಾಲಾ ಬಸ್ಸಿನ ವೇಗ ಇನ್ನೂ ಇಳಿಯಲಿ ಎನ್ನುವ ಮಣಿಪಾಲದ ತಾಯಿಗೂ ಅದೇ ಹಕ್ಕು, ಅದೇ ದಾರಿ.

ಮೊದಲು ನಿಯಮ ಎಲ್ಲಿದೆ ಎಂದು ತಿಳಿಯೋಣ. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 118ನೇ ನಿಯಮ. 15 ಏಪ್ರಿಲ್ 2015ರ ತಿದ್ದುಪಡಿಯ ಪ್ರಕಾರ 1 ಅಕ್ಟೋಬರ್ 2015ರಿಂದ ತಯಾರಾಗುವ ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿಲೋಮೀಟರ್ ಮೀರದಂತೆ ಗವರ್ನರ್ ಕಡ್ಡಾಯವಾಯಿತು. ಶಾಲಾ ಬಸ್, ಟ್ಯಾಂಕರ್, ಡಂಪರ್, ಅಪಾಯಕಾರಿ ಸರಕಿನ ಗಾಡಿಗಳಿಗೆ 60. ದ್ವಿಚಕ್ರ, ತ್ರಿಚಕ್ರ ವಾಹನ, ಅಗ್ನಿಶಾಮಕ, ಆಂಬ್ಯುಲೆನ್ಸ್, ಪೊಲೀಸ್ ವಾಹನಗಳಿಗೆ ವಿನಾಯಿತಿ. ಅದಕ್ಕೂ ಮೊದಲಿನ ಹಳೆಯ ಗಾಡಿಗಳ ಬಗ್ಗೆ ಅಧಿಸೂಚನೆ ಹೊರಡಿಸುವ ಕೆಲಸವನ್ನು ರಾಜ್ಯಗಳಿಗೆ ಬಿಟ್ಟರು. ಇಷ್ಟು ಸಾಕು, ಉಳಿದ ಉಪನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನೆನಪಿಡಬೇಕಾದದ್ದು, ಇದು ಕೇಂದ್ರದ ನಿಯಮ. ಉಡುಪಿ, ಕಾಪು, ಕಾರ್ಕಳದ ಶಾಸಕರು ಎಷ್ಟೇ ಒಳ್ಳೆಯವರಾಗಿರಲಿ, ವಿಧಾನಸಭೆಯಲ್ಲಿ ನಿಂತು ಇದನ್ನು ಬದಲಿಸಲಾರರು. ಶಾಸಕರ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಂಡ ಶಿಫಾರಸನ್ನು ಆದೇಶವೆಂದು ಆರ್‌ಟಿಒ ಕೌಂಟರಿನಲ್ಲಿ ತೋರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನು, ಜನ ಅತಿ ಹೆಚ್ಚು ಸೋಲುವ ಜಾಗಕ್ಕೆ ಬರುತ್ತೇನೆ.

ಮೋಟಾರು ವಾಹನ ಕಾಯ್ದೆ, 1988ರ 212ನೇ ಕಲಂ ಪ್ರಕಾರ ಈ ಕಾಯ್ದೆಯಡಿ ನಿಯಮ ಮಾಡುವ ಮೊದಲು ಕರಡನ್ನು ಪ್ರಕಟಿಸಲೇಬೇಕು. ಕರಡು ಪ್ರಕಟಿಸಿದ ಮೇಲೆ ಏನಾಗಬೇಕೆಂದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಕಲಂ ಹೇಳುತ್ತದೆ: ಒಂದು ದಿನ ಗೊತ್ತುಮಾಡಬೇಕು, ಆ ದಿನದ ಮೊದಲು ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಬೇಕು. ಪರಿಗಣಿಸುವುದು ಅವರ ಕೃಪೆಯಲ್ಲ, ಕಾನೂನು ಹೊರಿಸಿದ ಕರ್ತವ್ಯ. ರಸ್ತೆ ಸಾರಿಗೆ ಸಚಿವಾಲಯದ ಕರಡುಗಳಲ್ಲಿ ಸಾಮಾನ್ಯವಾಗಿ 30 ದಿನ ಕೊಡುತ್ತಾರೆ. ಆ 30 ದಿನ ನಿಮ್ಮ ಮಾತಿಗೆ ಕಾನೂನಿನ ಬೆಲೆಯಿದೆ. ಮೂವತ್ತೊಂದನೇ ದಿನ ಅದೇ ಮಾತು, ಅದೇ ಕಾಗದ, ಬರೀ ಮನವಿ.

ಈ 30 ದಿನದಲ್ಲೂ ಎರಡು ಕಡೆ ಕಾಲು ಜಾರುತ್ತದೆ. ಒಂದು, ಎಣಿಕೆ. ಪತ್ರಿಕೆಯಲ್ಲಿ ಸುದ್ದಿ ಓದಿದ ದಿನದಿಂದಲ್ಲ, ಕರಡು ಇರುವ ರಾಜ್ಯಪತ್ರದ ಪ್ರತಿ ಸಾರ್ವಜನಿಕರಿಗೆ ಸಿಗುವಂತಾದ ದಿನದಿಂದ ಲೆಕ್ಕ. ನಮ್ಮೂರಿಗೆ ಸುದ್ದಿ ಮುಟ್ಟುವಾಗ ಹತ್ತು ಹನ್ನೆರಡು ದಿನ ಹೋಗಿರುತ್ತದೆ. ಸಂಘದ ಸಭೆ ಕರೆಯುವಾಗ ಇನ್ನೊಂದು ವಾರ. ಎರಡನೆಯದು ಇನ್ನೂ ಕೆಟ್ಟದ್ದು. ಕಾನೂನು ಕೇಳುವುದು ನೀವು ಅಂಚೆಗೆ ಹಾಕಿದ ದಿನವನ್ನಲ್ಲ, ಅವರಿಗೆ ತಲುಪಿದ ದಿನವನ್ನು. ಇಪ್ಪತ್ತೊಂಬತ್ತನೇ ದಿನ ಕಾಪು ಅಂಚೆ ಕಚೇರಿಯಲ್ಲಿ ಹಾಕಿ ರಸೀದಿ ಜೋಪಾನವಾಗಿಟ್ಟವರು ನನ್ನಲ್ಲಿಗೆ ಬಂದಿದ್ದಾರೆ. ಆ ರಸೀದಿಯಿಂದ ನಾನೇನೂ ಮಾಡಲಾಗಲಿಲ್ಲ. ದೆಹಲಿಗೆ ಕಾಗದ ತಲುಪಲು ಒಂದು ವಾರವಾದರೂ ಕೈಯಲ್ಲಿರಲಿ. ಕರಡಿನಲ್ಲಿ ಇಮೇಲ್ ವಿಳಾಸ ಕೊಟ್ಟಿದ್ದರೆ ಅದಕ್ಕೂ ಕಳಿಸಿ, ಅಂಚೆಯಲ್ಲೂ ಕಳಿಸಿ.

ಎಲ್ಲಿಗೆ ಎಂಬುದು ಕರಡಿನಲ್ಲೇ ಅಚ್ಚಾಗಿರುತ್ತದೆ: ನವದೆಹಲಿಯ ಪಾರ್ಲಿಮೆಂಟ್ ಸ್ಟ್ರೀಟಿನ ಟ್ರಾನ್ಸ್‌ಪೋರ್ಟ್ ಭವನದಲ್ಲಿ ಕುಳಿತ ಇಂಥ ಹುದ್ದೆಯ ಅಧಿಕಾರಿಗೆ ಎಂದು. ಅಲ್ಲಿ ಬರೆದ ಹುದ್ದೆಗೇ ಕಳಿಸಿ. ನಮ್ಮ ಉಡುಪಿಯನ್ನು ಲೋಕಸಭೆಯಲ್ಲಿ ವರ್ಷಗಳ ಕಾಲ ಪ್ರತಿನಿಧಿಸಿದ್ದ ಆಸ್ಕರ್ ಫರ್ನಾಂಡಿಸ್ 2013ರಿಂದ 2014ರವರೆಗೆ ಅದೇ ಖಾತೆಯ ಸಚಿವರಾಗಿದ್ದರು. ಆಗ "ನಮ್ಮವರೇ ಮಂತ್ರಿ" ಎಂಬ ಧೈರ್ಯದಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದವರುಂಟು. ಮಂತ್ರಿ ಯಾರೇ ಇರಲಿ, ಕಡತಕ್ಕೆ ಸೇರುವುದು ಕಾಗದ ಮಾತ್ರ.

ಕರಡು ಬಂದಿದೆಯೆಂದು ತಿಳಿಯುವುದು ಹೇಗೆ? ಕೇಂದ್ರದ್ದು ಇ-ಗೆಜೆಟ್ ಜಾಲತಾಣದಲ್ಲಿ, ವಿಶೇಷ ರಾಜ್ಯಪತ್ರದ ಭಾಗ 2, ಸೆಕ್ಷನ್ 3, ಉಪವಿಭಾಗ (i)ರಲ್ಲಿ ಬರುತ್ತದೆ. ರಾಜ್ಯದ್ದು ಕರ್ನಾಟಕ ರಾಜ್ಯಪತ್ರದಲ್ಲಿ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಾಯುವಾಗ ಎಲ್ಲರ ಕೈಯಲ್ಲೂ ಮೊಬೈಲ್ ಇರುತ್ತದೆ. ಸಂಘಕ್ಕೆ ಒಬ್ಬ ಹುಡುಗ ವಾರಕ್ಕೊಮ್ಮೆ ನೋಡಿದರೆ ಸಾಕು.

ಪತ್ರ ಬರೆಯಲು ಛಾಪಾಕಾಗದ ಬೇಡ, ನೋಟರಿ ಬೇಡ, ಕೋರ್ಟ್ ಫೀ ಸ್ಟಾಂಪು ಬೇಡ, ವಕೀಲರೂ ಬೇಡ. ಬಿಳಿ ಹಾಳೆ ಸಾಕು. "ಇಂಗ್ಲಿಷ್ ಬರುವುದಿಲ್ಲ" ಎಂಬ ಹೆದರಿಕೆಯೂ ಬೇಡ. ಸಂವಿಧಾನದ 350ನೇ ವಿಧಿ ತಮ್ಮ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ. ಆದರೆ ಗಡುವಿರುವ ಆಕ್ಷೇಪಣೆಗೆ ಒಂದು ಇಂಗ್ಲಿಷ್ ಅನುವಾದ ಜೊತೆಗಿದ್ದರೆ ಒಳ್ಳೆಯದು ಎನ್ನುತ್ತೇನೆ. ಹಕ್ಕಿದ್ದರೂ ಅಲ್ಲಿ ಓದುವವರು ಕನ್ನಡ ಬಲ್ಲವರನ್ನು ಹುಡುಕಿಯಾರೆಂಬ ನಂಬಿಕೆ ನನಗಿಲ್ಲ.

ಒಂದೇ ಪಠ್ಯದ ಜೆರಾಕ್ಸಿಗೆ ನೂರು ಜನ ಸಹಿ ಹಾಕಿದರೆ ಅದು ಕಡತದಲ್ಲಿ ಒಂದೇ ಮಾತಾಗಿ ಕೂರುತ್ತದೆ. ಹತ್ತು ಜನ ತಮ್ಮ ತಮ್ಮ ಗಾಡಿಯ ಕತೆ ಬರೆದರೆ ಹತ್ತು ಆಕ್ಷೇಪಣೆ. ಕರಡಿನ ಸಂಖ್ಯೆ, ದಿನಾಂಕ, ಯಾವ ಉಪನಿಯಮ, ಅದರಲ್ಲಿ ಯಾವ ಪದ ಹೋಗಬೇಕು, ಬದಲಿಗೆ ಏನು ಬರಬೇಕು ಎಂಬುದನ್ನು ಮೊದಲು ಹೇಳಿ, ಕಷ್ಟ ಆಮೇಲೆ. ನಿಮ್ಮ ಮಾಡೆಲಿಗೆ ಒಪ್ಪಿಗೆ ಪಡೆದ ಸಾಧನವೇ ಸಿಗುತ್ತಿಲ್ಲವೇ, ಬಿಲ್ಲಿನಲ್ಲಿ ಒಂದು ಮೊತ್ತ ಬರೆದು ಇನ್ನೊಂದು ಕೇಳಿದರೇ, ಹಾಕಿಸಿದ ಮೇಲೆ ಎಂಜಿನ್ ತೊಂದರೆ ಬಂತೇ, ಎಲ್ಲದಕ್ಕೂ ಬಿಲ್ಲು, ಫೋಟೊ, ಮೆಕ್ಯಾನಿಕ್ಕಿನ ಚೀಟಿ ಇರಲಿ. ಕಾರ್ಕಳದವರು ಬಹಳ ಸಲ ಬರೆಯುವ ಒಂದು ವಾದವನ್ನು ದಯವಿಟ್ಟು ಬಿಡಿ: ಗವರ್ನರ್ ಹಾಕಿದರೆ ಆಗುಂಬೆ, ಮಾಳ ಘಾಟಿ ಹತ್ತಲಾಗದು ಎಂಬುದು. 80ಕ್ಕೆ ಕಟ್ಟಿದ ಸಾಧನ ತಿರುವಿನಲ್ಲಿ 30ರಲ್ಲಿ ಹತ್ತುವ ಗಾಡಿಯನ್ನು ತಡೆಯುತ್ತದೆಯೆಂದರೆ ಓದಿದವರು ಇಡೀ ಪತ್ರವನ್ನೇ ಪಕ್ಕಕ್ಕಿಡುತ್ತಾರೆ. ಸಾಧನ ಸರಿಯಾಗಿ ಕೂರದೆ ಪಿಕಪ್ ಬಿದ್ದಿದ್ದರೆ ಅದು ಬೇರೆ ದೂರು, ಹಾಗೆಂದೇ ಬರೆಯಿರಿ.

ಇಲ್ಲಿಗೆ ದಾರಿ ಸರಳವಾಯಿತು ಅಂದುಕೊಳ್ಳಬೇಡಿ. ನಿಮ್ಮನ್ನು ಕಾಡುವುದೆಲ್ಲ ನಿಯಮವೇ ಆಗಿರುವುದಿಲ್ಲ. ಯಾವ ಏಜೆನ್ಸಿಯ ಸಾಧನ, ಯಾವ ಪ್ರಮಾಣಪತ್ರ, ಪ್ರತಿ ಎಫ್‌ಸಿಗೆ ಅದರ ನವೀಕರಣ ಬೇಕೇ ಎಂಬಂಥವು ಎಷ್ಟೋ ಸಲ ಸುತ್ತೋಲೆಯಲ್ಲಿ ಬರುತ್ತವೆ. ಸುತ್ತೋಲೆಗೆ ಕರಡಿಲ್ಲ, 30 ದಿನವೂ ಇಲ್ಲ. ಅಂಥದ್ದಕ್ಕೆ ಟ್ರಾನ್ಸ್‌ಪೋರ್ಟ್ ಭವನಕ್ಕೆ ಬರೆದರೆ ಪತ್ರ ವ್ಯರ್ಥ; ಬೆಂಗಳೂರಿನ ಸಾರಿಗೆ ಆಯುಕ್ತರಿಗೂ ಸಾರಿಗೆ ಇಲಾಖೆಯ ಕಾರ್ಯದರ್ಶಿಗೂ ಬರೆಯಬೇಕು. ಈ ಜಾಗದಲ್ಲಿ ಮಾತ್ರ ಶಾಸಕರು ನಿಜಕ್ಕೂ ಉಪಯೋಗಕ್ಕೆ ಬರುತ್ತಾರೆ, ಏಕೆಂದರೆ ಸಾರಿಗೆ ಮಂತ್ರಿಗಳನ್ನು ಸದನದಲ್ಲಿ ಪ್ರಶ್ನೆ ಕೇಳಬಲ್ಲರು. "ಮೇಲಿಂದ ಆರ್ಡರ್ ಬಂದಿದೆ" ಎಂದು ಕೌಂಟರಿನಲ್ಲಿ ಹೇಳಿದರೆ ಅದರ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಅರ್ಜಿ ಹಾಕಿ. ರಾಜ್ಯದ ಕಚೇರಿಗಾದರೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಈ ಸಣ್ಣ ಕಾರಣಕ್ಕೇ ಅರ್ಜಿ ವಾಪಸು ಕಳಿಸುವವರಿದ್ದಾರೆ. ಹಳದಿ ಬೋರ್ಡಿನವರು ಎದುರಿಸಿದ ಸ್ಥಳ ಪತ್ತೆ ಸಾಧನ, ಪ್ಯಾನಿಕ್ ಬಟನ್ ವಿಷಯದಲ್ಲೂ ಇದೇ ಎರಡು ಪದರ: ಮೂಲ ಕೇಂದ್ರದ 125-ಎಚ್ ನಿಯಮದಲ್ಲಿ, ಜಾರಿ ರಾಜ್ಯದ ಕೈಯಲ್ಲಿ.

ಇನ್ನೊಂದು ಎಚ್ಚರಿಕೆ, ಇದನ್ನು ಗಟ್ಟಿಯಾಗಿ ಹೇಳಬೇಕು. ಮನವಿ ಕೊಟ್ಟದ್ದು ತಡೆಯಾಜ್ಞೆಯಲ್ಲ. "ಕೇಸ್ ನಡೀತಾ ಉಂಟು, ವೈರ್ ತೆಗೆದಿಡಿ, ಏನೂ ಆಗುವುದಿಲ್ಲ" ಎಂದು ಗ್ಯಾರೇಜಿನಲ್ಲಿ ಹೇಳುವವನು ನಿಮ್ಮ ಜೊತೆ ಅಪಘಾತ ಪರಿಹಾರದ ಟ್ರಿಬ್ಯೂನಲ್ಲಿಗೆ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಪ್ರಕಾರ ಎಫ್‌ಸಿ ಇಲ್ಲದ ಸಾರಿಗೆ ವಾಹನ ನೋಂದಣಿಯೇ ಇಲ್ಲದಂತೆ. ಅಂಥ ಗಾಡಿ ಅಪಘಾತವಾದರೆ ವಿಮಾ ಕಂಪನಿ ಮೊದಲು ಹಿಡಿಯುವ ತಕರಾರು ಅದೇ. ಪರಿಹಾರದ ಹೊರೆ ಮಾಲೀಕರ ಮನೆ, ಜಾಗದ ಮೇಲೆ ಬಂದು ನಿಲ್ಲುವ ಅಪಾಯವಿದೆ. ವಿರೋಧವಿದ್ದರೂ ಹಾಕಿಸಿ, "ಆಕ್ಷೇಪಣೆಗೆ ಒಳಪಟ್ಟು ಅಳವಡಿಸಿದ್ದೇನೆ" ಎಂದು ಬರೆದು ಬಿಲ್ಲು ಇಟ್ಟುಕೊಳ್ಳಿ.

ನಿಯಮ ಅಂತಿಮವಾದ ಮೇಲೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದರೆ ಕಿರಿದಾಗುತ್ತದೆ. ಕೇಂದ್ರದ ನಿಯಮವನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕು; ಎರಡೂ ಸದನ ಒಪ್ಪಿದರೆ ಬದಲಿಸಬಹುದು, ರದ್ದೂ ಮಾಡಬಹುದು. ಹಾಗಾಗಿ ಸಂಸದರಿಗೆ ಬರೆಯುವಾಗ "ನಮಗೆ ನ್ಯಾಯ ಕೊಡಿಸಿ" ಎಂದರೆ ಸಾಲದು. "ಈ ಸಂಖ್ಯೆಯ ಅಧಿಸೂಚನೆಯ ಈ ಉಪನಿಯಮಕ್ಕೆ ತಿದ್ದುಪಡಿ ಕೋರಿ 212ನೇ ಕಲಮಿನ ಪ್ರಕಾರ ನಿರ್ಣಯದ ಸೂಚನೆ ಕೊಡಿ, ಅಧೀನ ಶಾಸನ ಸಮಿತಿಯ ಗಮನಕ್ಕೆ ತನ್ನಿ" ಎಂದು ಬರೆಯಿರಿ. ನಿಮ್ಮ ಸಂಸದರು ಯಾರೆಂದು ಮೊದಲು ಖಚಿತಪಡಿಸಿಕೊಳ್ಳಿ: ಉಡುಪಿ, ಕಾಪು, ಕಾರ್ಕಳ, ಕುಂದಾಪುರದವರಿಗೆ ಉಡುಪಿ-ಚಿಕ್ಕಮಗಳೂರು ಕ್ಷೇತ್ರ, ಅದೇ ಜಿಲ್ಲೆಯ ಬೈಂದೂರಿನವರಿಗೆ ಶಿವಮೊಗ್ಗ. ಲೋಕಸಭೆಯ ಅರ್ಜಿಗಳ ಸಮಿತಿಗೂ ಹೋಗಬಹುದು. ಅಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು, ಕನ್ನಡದಲ್ಲಿದ್ದರೆ ಸಹಿ ಮಾಡಿದ ಅನುವಾದ ಬೇಕು. ಅರ್ಜಿಗೆ ಬೇರೆ ಕಾಗದಪತ್ರ ಲಗತ್ತಿಸುವಂತಿಲ್ಲ, ನ್ಯಾಯಾಲಯದ ಮುಂದಿರುವ ವಿಷಯ ತೆಗೆದುಕೊಳ್ಳುವುದಿಲ್ಲ. ಒಂದು ಕೈಯಲ್ಲಿ ರಿಟ್ ಹಾಕಿ ಇನ್ನೊಂದು ಕೈಯಲ್ಲಿ ಅರ್ಜಿ ಕೊಟ್ಟು ಎರಡನ್ನೂ ಕೆಡಿಸಿಕೊಳ್ಳಬೇಡಿ. ದೂರು ಪೋರ್ಟಲ್‌ಗಳಲ್ಲಿ ಹಾಕಿದ್ದನ್ನು ಆಕ್ಷೇಪಣೆ ಎಂದು ಎಣಿಸಬೇಡಿ. "ಸಂಬಂಧಿಸಿದವರಿಗೆ ಕಳಿಸಲಾಗಿದೆ" ಎಂದು ಮುಗಿಸುತ್ತಾರೆ.

ಅಂತಿಮ ಅಧಿಸೂಚನೆ ಕೈಗೆ ಬಂದ ದಿನ ಮೊದಲು ಅದರ ಪೀಠಿಕೆ ಓದಿ. ಬಂದ ಆಕ್ಷೇಪಣೆಗಳನ್ನು ಪರಿಗಣಿಸಲಾಗಿದೆ ಎಂದೋ, ಯಾವ ಆಕ್ಷೇಪಣೆಯೂ ಬಂದಿಲ್ಲ ಎಂದೋ ಅಲ್ಲಿ ಬರೆದಿರುತ್ತಾರೆ. ಕಟಪಾಡಿಯವರ ಸಹಿಗಳು ಯಾವುದೋ ಕಚೇರಿಯ ಕಪಾಟಿನಲ್ಲಿದ್ದರೆ "ಯಾವುದೂ ಬಂದಿಲ್ಲ" ಎಂಬ ವಾಕ್ಯ ಕಾನೂನಿನ ಕಣ್ಣಿನಲ್ಲಿ ಸತ್ಯವೇ. ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ನಿಯಮ ವಿಧಿವತ್ತಾಗಿಯೇ ಆಗಿದೆಯೆಂದು 23ನೇ ಕಲಂ ಹಿಡಿಯುತ್ತದೆ. ಅದನ್ನು ಅಲುಗಿಸಲು ಬರೀ ಬಾಯಿಮಾತು ನಡೆಯದು. ನಿಮ್ಮ ಪತ್ರ ಗಡುವಿನೊಳಗೆ ತಲುಪಿತ್ತು ಎಂಬುದಕ್ಕೆ ಸ್ಪೀಡ್ ಪೋಸ್ಟಿನ ರಸೀದಿ, ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟದ ಮುದ್ರಿತ ಪ್ರತಿ, ಪತ್ರದ ಸಹಿ ಮಾಡಿದ ನಕಲು ಈ ಮೂರೂ ಬೇಕು. ಟ್ರ್ಯಾಕಿಂಗ್ ಪುಟವನ್ನು ಅದೇ ವಾರ ಮುದ್ರಿಸಿಟ್ಟುಕೊಳ್ಳಿ, ಹಳೆಯದಾದರೆ ತೆರೆಯುವುದಿಲ್ಲ. ಮೂರನ್ನೂ ಒಂದೇ ಫೈಲಿನಲ್ಲಿಟ್ಟು ಬನ್ನಿ. ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಬಹುದೇ ಎಂದು ಆಮೇಲೆ ಕೂತು ನೋಡೋಣ.