ಕೀ ವೆಸ್ಟ್‌ಗೆ ಇಬ್ಬರೇ ಹೊರಟಾಗ: ಎರಡು ದಿನದ ಹತ್ತು ಸೂತ್ರಗಳು

ಮಯಾಮಿಯಿಂದ ನೈಋತ್ಯಕ್ಕೆ ಸುಮಾರು 260 ಕಿಲೋಮೀಟರ್ ಹೋದರೆ ಅಮೆರಿಕದ ಒಂದನೇ ನಂಬರಿನ ಹೆದ್ದಾರಿ ಮುಗಿದು ಸಮುದ್ರ ಸಿಗುತ್ತದೆ. ಆ ಕೊನೆಯ ಊರೇ ಕೀ ವೆಸ್ಟ್. ಆರೇಳು ಕಿಲೋಮೀಟರ್ ಉದ್ದದ ಪುಟ್ಟ ದ್ವೀಪ. ಫ್ಲಾರಿಡಾದಲ್ಲಿ ನೆಲೆಸಿದ ಕನ್ನಡದ ಜೋಡಿಗಳು ವಾರಾಂತ್ಯಕ್ಕೆಂದು ಅಲ್ಲಿಗೆ ಓಡುತ್ತಾರೆ. ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮನೂ ಒಂದು ಜೋಡಿಯೇ. ಅವರನ್ನೂ ಒಮ್ಮೆ ಇಬ್ಬರನ್ನೇ ಕಳಿಸಿ. ನಾವು ಮೊದಲ ಸಲ ಹದಿನಾಲ್ಕು ಜಾಗಗಳ ಪಟ್ಟಿ ಹಿಡಿದು ಹೋಗಿ, ಎಲ್ಲ ನೋಡಿ, ದಣಿದು, ಒಬ್ಬರಿಗೊಬ್ಬರು ಮಾತಾಡದೆ ವಾಪಸಾದೆವು. ಆಮೇಲಿನ ಎರಡು ಸಲ ಕಲಿತದ್ದು ಇಲ್ಲಿದೆ.

1. ಪಟ್ಟಿಯನ್ನು ಹೊರಡುವ ಮುನ್ನವೇ ಹರಿಯಿರಿ. ಸಂಗಾತಿಯದೊಂದು ಆಸೆ, ನಿಮ್ಮದೊಂದು ಆಸೆ. ಎರಡು ದಿನಕ್ಕೆ ಅಷ್ಟೇ ಸಾಕು. ಡ್ರೈ ಟಾರ್ಟುಗಾಸ್ ದ್ವೀಪದ ಕೋಟೆಯನ್ನು ಬಿಟ್ಟುಬಿಡಲು ಸಂಕಟವಾಗುತ್ತದೆ, ನನಗೂ ಆಯಿತು. ಒಂದೂವರೆ ಕೋಟಿಗೂ ಹೆಚ್ಚು ಇಟ್ಟಿಗೆಯ ಕೋಟೆ ಅದು. ಆದರೆ 110 ಕಿಲೋಮೀಟರ್ ಸಮುದ್ರದಾಚೆ ಇದೆ, ದೋಣಿಯಲ್ಲಿ ಹೋಗಲೇ ಎರಡು ಗಂಟೆ ದಾಟುತ್ತದೆ, ಇಡೀ ದಿನ ನುಂಗುತ್ತದೆ. ಮೂರನೇ ದಿನ ಇದ್ದರೆ ಮಾತ್ರ ಹೋಗಿ.

2. ಕಾಲ ನೋಡಿ ಹೊರಡಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹವೆ ಹಿತ, ಬಾಡಿಗೆ ದುಬಾರಿ. ನನ್ನ ಮತ ಮೇ ತಿಂಗಳಿಗೆ.

3. ದಾರಿಯನ್ನೂ ಪ್ರವಾಸದ ಲೆಕ್ಕಕ್ಕೆ ಸೇರಿಸಿ. ಹೆನ್ರಿ ಫ್ಲ್ಯಾಗ್ಲರ್ ಎಂಬ ಉದ್ಯಮಿ ಸಮುದ್ರದ ಮೇಲೆ ರೈಲು ಓಡಿಸಲು ಹೊರಟಾಗ ಜನ ನಂಬಲಿಲ್ಲ. 1912ರಲ್ಲಿ ರೈಲು ಕೀ ವೆಸ್ಟ್ ಮುಟ್ಟಿತು. ಮರುವರ್ಷ ಆತ ತೀರಿಕೊಂಡ. 1935ರ ಚಂಡಮಾರುತ ಹಳಿಗಳನ್ನು ಕೊಚ್ಚಿಕೊಂಡು ಹೋಯಿತು. ಉಳಿದ ಸೇತುವೆಗಳ ಮೇಲೆಯೇ 1938ರಲ್ಲಿ ಮೋಟಾರು ರಸ್ತೆ ಬಂತು. ಇಂದಿನ ಸೆವೆನ್ ಮೈಲ್ ಸೇತುವೆ 1982ರದು. ಅದರ ಪಕ್ಕದಲ್ಲೇ ಹಳೆಯದು ನಿಂತಿದೆ. ಎಡಕ್ಕೆ ಅಟ್ಲಾಂಟಿಕ್, ಬಲಕ್ಕೆ ಮೆಕ್ಸಿಕೋ ಕೊಲ್ಲಿ, ನಡುವೆ ನೀವಿಬ್ಬರು. ಹಾಡು ಬೇಕಿಲ್ಲ, ಕಿಟಕಿ ಇಳಿಸಿ. ದಾರಿಯುದ್ದಕ್ಕೂ ವಿಳಾಸ ಹೇಳುವುದೇ ಮೈಲಿಗಲ್ಲಿನ ಲೆಕ್ಕದಲ್ಲಿ. 37ನೇ ಮೈಲಿಯಲ್ಲಿ ಬಹಿಯಾ ಹೊಂಡಾ ಉದ್ಯಾನ ಬರುತ್ತದೆ. ಒಂದು ಗಂಟೆ ಅಲ್ಲಿ ಕಾಲು ನೆನೆಸಿ. ಕೀ ವೆಸ್ಟ್‌ನಲ್ಲಿ ಅಂಥ ಮರಳು ಸಿಗುವುದಿಲ್ಲ.

4. ಊರು ಮುಟ್ಟಿದ ಮೇಲೆ ಕಾರನ್ನು ಮರೆತುಬಿಡಿ. ನಿಲ್ಲಿಸಲು ಜಾಗವಿಲ್ಲದ ಹಳೇ ಊರಿನಲ್ಲಿ ಕಾರು ಜಗಳಕ್ಕೆ ಮೂಲ. ಕೋಣೆಗೆ ನಾಲ್ಕು ಕಾಸು ಹೆಚ್ಚಾದರೂ ಹಳೇ ಊರಿನೊಳಗೇ ಹಿಡಿಯಿರಿ, ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ. ಪ್ರಸಿದ್ಧ ಡುವಾಲ್ ಬೀದಿ ಕೊಲ್ಲಿಯ ದಡದಿಂದ ಅಟ್ಲಾಂಟಿಕ್ ದಡದವರೆಗೆ ಎರಡು ಕಿಲೋಮೀಟರ್ ಮಾತ್ರ. ಅದರಲ್ಲಿ ಒಮ್ಮೆ ನಡೆದು, ನಂತರ ಅಡ್ಡ ಬೀದಿಗಳಿಗೆ ಹೊರಳಿ. ಜಗುಲಿಯಿರುವ ಮರದ ಮನೆಗಳು, ಬೇಲಿ ದಾಟಿ ಬಿದ್ದ ಕಾಗದದ ಹೂ, ಮಧ್ಯಾಹ್ನದ ನಿಶ್ಶಬ್ದ. ಊರು ಇರುವುದು ಅಲ್ಲಿ.

5. ಕೋಳಿ ಕೂಗಿದಾಗ ಎದ್ದುಬಿಡಿ. ಕೀ ವೆಸ್ಟ್‌ನ ಬೀದಿಗಳಲ್ಲಿ ಹುಂಜಗಳು ಯಾರ ಹಂಗೂ ಇಲ್ಲದೆ ಓಡಾಡುತ್ತವೆ, ಅವಕ್ಕೆ ಯಾರೂ ಹಿಂಸೆ ಕೊಡುವಂತಿಲ್ಲ. ಬೆಳಗಿನ ಜಾವ ಅವೇ ಎಬ್ಬಿಸುತ್ತವೆ. ಎದ್ದು ಕ್ಯೂಬಾ ಶೈಲಿಯ ಕಾಫಿ ಕುಡಿಯಿರಿ. ಬಿಸಿ ಹಾಲಿಗೆ ಗಟ್ಟಿ ಕಾಫಿ ಬೆರೆಸಿ ಕೊಡುತ್ತಾರೆ. ಡಿಕಾಕ್ಷನ್ ಕಾಫಿಯಲ್ಲಿ ಬೆಳೆದ ನಾಲಿಗೆಗೆ ಅಮೆರಿಕದಲ್ಲಿ ಇಷ್ಟು ಹತ್ತಿರದ ರುಚಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

6. ಫೋಟೋಗೆ ಸರತಿ ನಿಲ್ಲಬೇಡಿ. ‘ದಕ್ಷಿಣದ ತುತ್ತತುದಿ’ ಎಂದು ಬರೆದ ಬಣ್ಣದ ಕಾಂಕ್ರೀಟ್ ಕಂಬದ ಮುಂದೆ ಹಗಲೆಲ್ಲ ಸಾಲು. ಅಲ್ಲಿಂದ ಕ್ಯೂಬಾ ಸುಮಾರು 90 ಮೈಲಿ. ದ್ವೀಪದ ನಿಜವಾದ ತುದಿ ಪಕ್ಕದ ನೌಕಾಪಡೆಯ ಜಾಗದಲ್ಲಿದೆ. ಬೇಕೇ ಬೇಕೆಂದರೆ ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ.

7. ಒಂದೇ ಮನೆ ನೋಡಿ, ಸಾವಕಾಶವಾಗಿ ನೋಡಿ. ಬರಹಗಾರ ಅರ್ನೆಸ್ಟ್ ಹೆಮಿಂಗ್ವೇ 1931ರಿಂದ ಸುಮಾರು ಎಂಟು ವರ್ಷ ಇದ್ದ ಮನೆ ವೈಟ್‌ಹೆಡ್ ಬೀದಿಯಲ್ಲಿದೆ. ಬೆಕ್ಕುಗಳು ಅಲ್ಲಿನ ಒಡೆಯರು. ಹಲವಕ್ಕೆ ಪಾದದಲ್ಲಿ ಆರು ಬೆರಳು. ಮಂಚದ ಮೇಲೂ ಮಲಗಿರುತ್ತವೆ, ಯಾರೂ ಎಬ್ಬಿಸುವುದಿಲ್ಲ. ನಮ್ಮವರು ಹಿತ್ತಿಲ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಒಂದು ಬೆಕ್ಕಿನ ಜೊತೆ ಕೂತರು. ಆ ಪ್ರವಾಸದಲ್ಲಿ ಅವರಿಗೆ ಇಂದಿಗೂ ನೆನಪಿರುವುದು ಅದೇ. ರಾಜಕೀಯ ಚರಿತ್ರೆಯ ಒಲವಿದ್ದರೆ ಅಧ್ಯಕ್ಷ ಟ್ರೂಮನ್ 11 ಸಲ ಬಂದು 175 ದಿನ ತಂಗಿದ ‘ಲಿಟಲ್ ವೈಟ್ ಹೌಸ್’ ಆರಿಸಿ. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

8. ಸಸ್ಯಾಹಾರಿಗಳು ಬಾಯಿ ಬಿಟ್ಟು ಕೇಳಿ. ‘ಕಾಂಕ್’ ಎಂದು ಕಂಡರೆ ಅದು ಶಂಖದೊಳಗಿನ ಜೀವಿಯ ಮಾಂಸ. ಬೋಂಡಾದಂತೆ ಕಾಣುವ ಫ್ರಿಟರ್ ನೋಡಿ ಮೋಸಹೋಗಬೇಡಿ. ಕ್ಯೂಬಾದ ಕಪ್ಪು ಅವರೆ ಬಗೆಯ ಕಾಳಿನ ಪಲ್ಯ ಅನ್ನದ ಜೊತೆ ಚೆನ್ನ, ಆದರೆ ಕೆಲವೆಡೆ ಹಂದಿಮಾಂಸ ಹಾಕಿ ಬೇಯಿಸುತ್ತಾರೆ. ಕರಿದ ಸಿಹಿ ಬಾಳೆಹಣ್ಣು ಕೈಬಿಡುವುದಿಲ್ಲ. ಕೀ ಲೈಮ್ ಪೈ ತಿನ್ನದೆ ಬರಬೇಡಿ. ಮೊಟ್ಟೆ ಇರುತ್ತದೆ, ಅದು ಗೊತ್ತಿರಲಿ. ಹಾಲು ಕೆಡದೆ ಉಳಿಯದ ಕಾಲದಲ್ಲಿ ಡಬ್ಬಿಯ ಕಂಡೆನ್ಸ್ಡ್ ಹಾಲಿನಿಂದ ಹುಟ್ಟಿದ ತಿಂಡಿ ಇದು. ಅಸಲಿ ಪೈ ತಿಳಿ ಹಳದಿ. ಹಸಿರಾಗಿದ್ದರೆ ಬಣ್ಣ ಹಾಕಿದ್ದಾರೆ.

9. ಒಂದು ಸಂಜೆ ಗದ್ದಲಕ್ಕೆ, ಒಂದು ಸಂಜೆ ಮೌನಕ್ಕೆ. ಮ್ಯಾಲೋರಿ ಚೌಕದಲ್ಲಿ ದಿನವೂ ಸೂರ್ಯಾಸ್ತವೇ ಜಾತ್ರೆ: ದೊಂಬರಾಟದವರು, ಬೆಂಕಿಯ ಕಸರತ್ತಿನವರು, ಗಿಟಾರಿನವರು. ಒಂದು ಗಂಟೆ ಮೊದಲೇ ಹೋಗಿ ಜಾಗ ಹಿಡಿಯಿರಿ. ನಿಂತು ನೋಡಿದ ಮೇಲೆ ಅವರ ಟೋಪಿಗೆ ನೋಟು ಹಾಕಿ, ಅದೇ ಅವರ ದುಡಿಮೆ. ಇನ್ನೊಂದು ಸಂಜೆ ಫೋರ್ಟ್ ಝಕಾರಿ ಟೇಲರ್ ಉದ್ಯಾನದ ಕಡಲತೀರಕ್ಕೆ ಹೋಗಿ. ಕಲ್ಲಿನ ದಡ, ಕಾಲಿಗೆ ಚಪ್ಪಲಿ ಇರಲಿ. ಹವಳದ ದಿಬ್ಬಕ್ಕೆ ಈಜಲು ಹೋದರೆ ಅದರ ಮೇಲೆ ಕಾಲೂರಬೇಡಿ. ಅದು ಕಲ್ಲಲ್ಲ, ಜೀವ.

10. ಭಾನುವಾರ ಮಧ್ಯಾಹ್ನ ಹೊರಡಬೇಡಿ. ಹೋಗಲೂ ಬರಲೂ ಬಹುಪಾಲು ಇರುವುದು ಒಂದೇ ರಸ್ತೆ. 1982ರಲ್ಲಿ ಗಡಿ ಕಾವಲು ಪಡೆ ಆ ರಸ್ತೆಗೆ ತಡೆ ಹಾಕಿ ತಪಾಸಣೆಗಿಳಿದಾಗ ವಾಹನಗಳು ಮೈಲಿಗಟ್ಟಲೆ ನಿಂತವು. ಸಿಟ್ಟಿಗೆದ್ದ ಊರು ಏಪ್ರಿಲ್ 23ರಂದು ‘ಕಾಂಕ್ ಗಣರಾಜ್ಯ’ ಎಂದು ಸ್ವಾತಂತ್ರ್ಯವನ್ನೇ ಘೋಷಿಸಿ ಪ್ರತಿಭಟಿಸಿತು. ಬೆಳಿಗ್ಗೆ ಬೇಗ ಬಿಡಿ, ಇಲ್ಲವೇ ಸೋಮವಾರಕ್ಕೆ ರಜೆ ಹಾಕಿ. ದಾರಿಯಲ್ಲಿ ಬಿಗ್ ಪೈನ್ ಕೀ ಬಂದಾಗ ನಿಧಾನಿಸಿ. ನಮ್ಮ ಸೊಂಟಕ್ಕೂ ಬಾರದ ಕೀ ಜಿಂಕೆಗಳು ಈ ದ್ವೀಪಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ, ಅವು ಹೆಚ್ಚಾಗಿ ಸಾಯುವುದು ವಾಹನಗಳಿಗೆ ಸಿಕ್ಕಿ. ಕಂಡರೆ ಕಾರಿನೊಳಗಿಂದಲೇ ನೋಡಿ, ದಯವಿಟ್ಟು ಏನನ್ನೂ ತಿನ್ನಿಸಬೇಡಿ.