ಓಟಗಾರನ ಕೈಗಡಿಯಾರ: ಅಳೆಯುವುದೆಷ್ಟು, ಊಹಿಸುವುದೆಷ್ಟು?

ಇಂದಿನ ಕೈಗಡಿಯಾರವು ವೇಳೆಯನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಹೆಜ್ಜೆಗಳನ್ನು ಎಣಿಸುತ್ತದೆ, ನಾಡಿಯ ಬಡಿತವನ್ನು ಗಮನಿಸುತ್ತದೆ, ಓಡಿದ ದೂರವನ್ನೂ ವೇಗವನ್ನೂ ಅಂಕಿಗಳಲ್ಲಿ ತೋರಿಸುತ್ತದೆ. ಸ್ಮಾರ್ಟ್‌ವಾಚ್ ಎಂಬ ಈ ಸಾಧನವನ್ನು ನಂಬಿ ಓಟದ ಅಭ್ಯಾಸಕ್ಕೆ ಇಳಿದ ತರುಣರು ಕೆಲವೇ ವಾರಗಳಲ್ಲಿ ಬೇಸರಗೊಳ್ಳುವುದುಂಟು. ಒಂದೊಂದು ಸುತ್ತಿನ ವೇಳೆ ಪ್ರತ್ಯೇಕವಾಗಿ ದೊರೆಯುವುದಿಲ್ಲ. ವೇಗದ ಅಂಕಿ ಕ್ಷಣಕ್ಕೊಂದು ಬಗೆಯಾಗುತ್ತದೆ. ಮೈದಾನದ ದೂರಕ್ಕೂ ಗಡಿಯಾರದ ದೂರಕ್ಕೂ ತಾಳೆಯಾಗುವುದಿಲ್ಲ. ಈ ದೂರುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಉಪಕರಣದ ಕೊರತೆಗಳು, ಕೆಲವು ಅಳತೆಯ ಸಹಜ ಮಿತಿಗಳು, ಮತ್ತೆ ಕೆಲವು ತಯಾರಕರು ಮಾಡದೆ ಬಿಟ್ಟ ಲೆಕ್ಕಗಳು. ಇವನ್ನು ಬೇರ್ಪಡಿಸಿ ನೋಡಿದರೆ ಯಾವುದಕ್ಕೆ ಪರಿಹಾರವುಂಟು, ಯಾವುದಕ್ಕಿಲ್ಲ ಎಂಬುದು ತಿಳಿಯುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. 2015ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಆಪಲ್ ವಾಚ್‌ನಲ್ಲಿ ಜಿ.ಪಿ.ಎಸ್. ಗ್ರಾಹಕವಿರಲಿಲ್ಲ. ಉಪಗ್ರಹಗಳ ನೆರವಿನಿಂದ ದೂರವನ್ನು ತಿಳಿಯಬೇಕಾದರೆ ಓಡುವವನು ತನ್ನ ಫೋನನ್ನೂ ಜೊತೆಗೆ ಹೊತ್ತು ಓಡಬೇಕಾಗಿತ್ತು. 2016ರ ಎರಡನೆಯ ಸರಣಿಯಲ್ಲಿ ಗ್ರಾಹಕವು ಗಡಿಯಾರದೊಳಗೇ ಸೇರಿತು. ಇದು ಉಪಕರಣದ ಕೊರತೆ. ಹೊಸ ಉಪಕರಣವಲ್ಲದೆ ಅದಕ್ಕೆ ಬೇರೆ ಮದ್ದಿಲ್ಲ. 2022ರಲ್ಲಿಯಾದರೋ ಹೊಸ ತಂತ್ರಾಂಶವೊಂದು ಬಂದೊಡನೆ, ಹೆಜ್ಜೆಯ ಉದ್ದ, ಪಾದವು ನೆಲವನ್ನು ಮುಟ್ಟಿರುವ ಅವಧಿ ಮೊದಲಾದ ವಿವರಗಳು ಅದಕ್ಕೂ ಹಿಂದೆ ಕೊಂಡಿದ್ದ ಕೆಲವು ಗಡಿಯಾರಗಳಲ್ಲಿಯೂ ಕಾಣತೊಡಗಿದವು. ಅಲ್ಲಿ ಇಲ್ಲದಿದ್ದುದು ಉಪಕರಣವಲ್ಲ, ಲೆಕ್ಕ.

ಹೆಜ್ಜೆಯಿಂದ ದೂರ

ಜಿ.ಪಿ.ಎಸ್. ಗ್ರಾಹಕವಿಲ್ಲದ ಅಗ್ಗದ ಗಡಿಯಾರವು ದೂರವನ್ನು ಹೇಗೆ ಹೇಳುತ್ತದೆ? ಅದರೊಳಗೆ ಸಿಲಿಕಾನಿನಲ್ಲಿ ಕೊರೆದ ಅತಿಸೂಕ್ಷ್ಮ ಭಾರವೊಂದು ಅಷ್ಟೇ ಸೂಕ್ಷ್ಮವಾದ ಸ್ಪ್ರಿಂಗುಗಳ ಆಧಾರದಲ್ಲಿರುತ್ತದೆ. ಬಸ್ಸು ತಟ್ಟನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವಂತೆ, ಕೈ ಬೀಸಿದಾಗ ಈ ಭಾರವು ತುಸು ಹಿಂದುಳಿಯುತ್ತದೆ. ಆ ಸ್ಥಾನಪಲ್ಲಟವನ್ನು ಅಳೆದು ವೇಗೋತ್ಕರ್ಷವನ್ನು ತಿಳಿಯಬಹುದು. ಅದರ ಏರಿಳಿತಗಳಿಂದ ಹೆಜ್ಜೆಗಳನ್ನು ಎಣಿಸಬಹುದು. ಹೆಜ್ಜೆಗಳ ಸಂಖ್ಯೆಯನ್ನು ಒಂದು ಹೆಜ್ಜೆಯ ಉದ್ದದಿಂದ ಗುಣಿಸಿದರೆ ದೂರ ಬಂದಂತಾಯಿತು. ಆದರೆ ಆ ಉದ್ದವು ಗಡಿಯಾರವು ಅಳೆದುದಲ್ಲ. ಅನೇಕ ವೇಳೆ ನಮ್ಮ ಎತ್ತರ ಮೊದಲಾದವುಗಳಿಂದ ಊಹಿಸಿದುದು.

ಈ ಊಹೆಯ ಬೆಲೆಯನ್ನು ಲೆಕ್ಕಹಾಕೋಣ. ಪೋಲೀಸ್ ಭರ್ತಿಯ 1600 ಮೀಟರ್ ಓಟಕ್ಕೆ ಒಬ್ಬ ತರುಣನು ಅಭ್ಯಾಸ ಮಾಡುತ್ತಿದ್ದಾನೆ ಎನ್ನೋಣ. ಗಡಿಯಾರವು ಅವನ ಹೆಜ್ಜೆಯನ್ನು 1 ಮೀಟರ್ ಎಂದು ಭಾವಿಸಿದೆ. ವಾಸ್ತವದಲ್ಲಿ ಅದು 0.92 ಮೀಟರ್. ಅವನು 1600 ಹೆಜ್ಜೆಗಳನ್ನು ಮುಗಿಸಿದಾಗ ಗಡಿಯಾರವು ಗುರಿ ಮುಟ್ಟಿತೆಂದು ಸಾರುತ್ತದೆ. ಅವನು ಓಡಿರುವುದಾದರೋ 1472 ಮೀಟರ್ ಮಾತ್ರ. ಉಳಿದ 128 ಮೀಟರನ್ನು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡಲು ಇನ್ನೂ 32 ಸೆಕೆಂಡು ಬೇಕು. ಮನೆಯ ಬಳಿಯ ರಸ್ತೆಯಲ್ಲಿ ಪ್ರತಿದಿನವೂ ತೇರ್ಗಡೆಯಾಗುತ್ತಿದ್ದವನು ಪರೀಕ್ಷೆಯ ದಿನ ಮೈದಾನದಲ್ಲಿ ಅನುತ್ತೀರ್ಣನಾಗಲು ಇಷ್ಟು ಸಾಕು.

ಉಪಗ್ರಹದಿಂದ ದೂರ

ಗ್ರಾಹಕವಿರುವ ಗಡಿಯಾರವು ಇದಕ್ಕಿಂತ ಮೇಲು, ಆದರೆ ದೋಷರಹಿತವಲ್ಲ. ಜಿ.ಪಿ.ಎಸ್. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಅವು ನೇರ ನೆತ್ತಿಯ ಮೇಲಿದ್ದರೂ ಸಂಕೇತವು ನಮ್ಮನ್ನು ತಲಪಲು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಈ ಕಾಲದ ಅಳತೆಯಲ್ಲಿ ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ 3 ಮೀಟರ್ ವ್ಯತ್ಯಾಸವಾಗುತ್ತದೆ. ಓಡುವವನು ಒಂದು ಸೆಕೆಂಡಿನಲ್ಲಿ ಕ್ರಮಿಸುವುದೇ 4 ಮೀಟರ್. ಹೀಗಿರುವಾಗ ಸೆಕೆಂಡಿಗೊಮ್ಮೆ ಗುರುತಿಸಿದ ಸ್ಥಾನಗಳಿಂದಲೇ ವೇಗವನ್ನು ತೆಗೆದರೆ ಅಂಕಿಗಳು ಕುಣಿಯದೆ ಇರಲಾರವು. 30 ಸೆಕೆಂಡುಗಳ ಸರಾಸರಿಯನ್ನು ತೆಗೆದುಕೊಂಡರೆ, 120 ಮೀಟರಿನಲ್ಲಿ ಕೆಲವು ಮೀಟರುಗಳ ತಪ್ಪು ಅಷ್ಟಾಗಿ ಬಾಧಿಸದು. ಆದರೆ ನಾವು ವೇಗವನ್ನು ಹೆಚ್ಚಿಸಿದ ಸಂಗತಿ ಗಡಿಯಾರಕ್ಕೆ ತಡವಾಗಿ ತಿಳಿಯುತ್ತದೆ. ಸ್ಥಿರತೆ ಬೇಕೆಂದರೆ ವಿಳಂಬವನ್ನು ಸಹಿಸಬೇಕು. ಇದು ಅಳತೆಯ ಸಹಜ ಮಿತಿ.

ವಿದ್ಯುತ್ಕೋಶದ ಶಕ್ತಿಯನ್ನು ಉಳಿಸಲೆಂದು ಸ್ಥಾನವನ್ನು 10 ಸೆಕೆಂಡಿಗೊಮ್ಮೆ ಮಾತ್ರ ಗುರುತಿಸಿದರೆ ಇನ್ನೊಂದು ತೊಡಕುಂಟು. ಗಡಿಯಾರವು ಆ ಬಿಂದುಗಳನ್ನು ಸರಳರೇಖೆಗಳಿಂದ ಜೋಡಿಸುತ್ತದೆ. ಓಟಗಾರನು ಓಡಿದುದು ವೃತ್ತಖಂಡದ ಮೇಲೆ. 400 ಮೀಟರ್ ಪಥದ ತಿರುವಿನ ತ್ರಿಜ್ಯ, ಓಡುವ ರೇಖೆಯಲ್ಲಿ, 36.8 ಮೀಟರ್. ಅಲ್ಲಿ 40 ಮೀಟರ್ ಉದ್ದದ ಕಂಸಕ್ಕೆ ಜ್ಯಾ ಸುಮಾರು 38 ಮೀಟರ್ ಮಾತ್ರ. ಎರಡು ತಿರುವುಗಳೂ ಸೇರಿ ಒಂದು ಸುತ್ತಿಗೆ ಹತ್ತು ಮೀಟರಿನಷ್ಟು ಕಳೆದುಹೋಗಬಹುದು. ತ್ರಿಕೋಣಮಿತಿಯನ್ನು ಕಲಿತ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಪರಿಶೀಲಿಸಬಹುದು.

ಉಪೇಕ್ಷಿತ ಗುಣ

ಇಷ್ಟೆಲ್ಲ ದೋಷಗಳ ನಡುವೆ ಈ ಗಡಿಯಾರವು ಅತ್ಯಂತ ನಿಷ್ಕೃಷ್ಟವಾಗಿ ಮಾಡುವ ಕೆಲಸವೊಂದಿದೆ: ಅದು ಕಾಲವನ್ನು ಅಳೆಯುವುದು. ಸಾಮಾನ್ಯ ಕ್ವಾರ್ಟ್ಸ್ ಗಡಿಯಾರದ ಸ್ಫಟಿಕವು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ದಿನಕ್ಕೆ 10 ಸೆಕೆಂಡು ತಪ್ಪುವ ಗಡಿಯಾರವೂ ಆರು ನಿಮಿಷಗಳ ಓಟದಲ್ಲಿ ತಪ್ಪುವುದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗದಷ್ಟು. ಗುಂಡಿ ಒತ್ತುವ ನಮ್ಮ ಬೆರಳು ಇದಕ್ಕಿಂತ ಹೆಚ್ಚು ತಡಮಾಡುತ್ತದೆ. ದೂರವನ್ನು ಅಳೆದ ಪಥದಿಂದಲೂ ಕಾಲವನ್ನು ಗಡಿಯಾರದಿಂದಲೂ ಪಡೆದರೆ, ಊಹೆಗೆ ಎಡೆಯೇ ಇಲ್ಲ.

ಸುತ್ತಿನ ವೇಳೆಯನ್ನು ದಾಖಲಿಸುವ ಸೌಲಭ್ಯವಿಲ್ಲದಿದ್ದರೆ ಗೆಳೆಯನೊಬ್ಬನು ಗೆರೆಯ ಬಳಿ ನಿಂತು ಬರೆದುಕೊಳ್ಳಲಿ. ನಾಲ್ಕು ಸುತ್ತುಗಳಿಗೆ ಕ್ರಮವಾಗಿ 86, 92, 100, 94 ಸೆಕೆಂಡುಗಳಾದವೆನ್ನೋಣ. ಮೊತ್ತ 372 ಸೆಕೆಂಡು; ಸರಾಸರಿ ವೇಗ ಸೆಕೆಂಡಿಗೆ 4.3 ಮೀಟರ್. ಸರಾಸರಿಯೊಂದನ್ನೇ ತೋರಿಸುವ ಗಡಿಯಾರವು ಇಲ್ಲಿಗೆ ನಿಲ್ಲುತ್ತದೆ. ಬರೆದಿಟ್ಟ ನಾಲ್ಕು ಅಂಕಿಗಳಾದರೋ, ಮೊದಲ ಸುತ್ತಿನ ಆತುರಕ್ಕೆ ಮೂರನೆಯ ಸುತ್ತಿನಲ್ಲಿ ದಂಡ ತೆರಬೇಕಾಯಿತೆಂದು ಹೇಳುತ್ತವೆ. ಸಮನಾಗಿ 93 ಸೆಕೆಂಡಿನಂತೆ ಓಡಿ ನೋಡುವುದು ಮುಂದಿನ ದಿನದ ಪ್ರಯೋಗ.

ಇದೇ ಓಟದಿಂದ ಗಡಿಯಾರದ ದೂರವನ್ನೂ ತಿದ್ದಿಕೊಳ್ಳಬಹುದು. ನಾಲ್ಕು ಸುತ್ತುಗಳಿಗೆ ಅದು 1740 ಮೀಟರ್ ತೋರಿಸಿದರೆ, 1600ನ್ನು 1740ರಿಂದ ಭಾಗಿಸಿದಾಗ ಬರುವ 0.92 ಎಂಬುದೇ ತಿದ್ದುಪಡಿಯ ಗುಣಕ. ಮುಂದೆ ರಸ್ತೆಯಲ್ಲಿ ಅದು 5 ಕಿಲೋಮೀಟರ್ ಎಂದಾಗ 4.6 ಎಂದು ತಿಳಿಯತಕ್ಕದ್ದು. ವೇಗ ಬದಲಾದಂತೆ ಹೆಜ್ಜೆಯ ಉದ್ದವೂ ಬದಲಾಗುವುದರಿಂದ, ನಿಧಾನದ ಓಟಕ್ಕೆ ಒಂದು, ಬಿರುಸಿನ ಓಟಕ್ಕೆ ಒಂದು, ಹೀಗೆ ಎರಡು ಗುಣಕಗಳನ್ನು ಕಂಡುಕೊಳ್ಳುವುದು ಮೇಲು.

ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರನ್ನು ಕೈಗೆತ್ತಿಕೊಂಡಾಗ ಅದರ ಶೂನ್ಯದೋಷವನ್ನು ಮೊದಲು ನೋಡಬೇಕೆಂದು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಕೈಗೆ ಕಟ್ಟಿಕೊಂಡ ಉಪಕರಣಕ್ಕೂ ಅದೇ ನಿಯಮ ಸಲ್ಲುತ್ತದೆ. ಹೆಚ್ಚಿನ ಬೆಲೆಯ ಗಡಿಯಾರವನ್ನು ಬಯಸುವ ಮುನ್ನ, ಈಗಿರುವುದನ್ನು ಒಂದು ಬೆಳಗ್ಗೆ ಅಳೆದ ಪಥಕ್ಕೆ ಕೊಂಡೊಯ್ದು ಪರೀಕ್ಷಿಸುವುದು ಒಳಿತು.